ಸಣ್ಣ ಇಂಜಿನ್‌ನ ಹೆಡ್ ಕೆಲಸ: ಮೊದಲು ಗೈಡ್, ಆಮೇಲೆ ಸೀಟ್, ಪೋರ್ಟ್ ಎಲ್ಲಕ್ಕೂ ಕೊನೆಗೆ

ತೊಗರಿ ರಾಶಿ ಮುಗಿಯುವ ಹೊತ್ತಿಗೆ ನಮ್ಮ ಕಲಬುರಗಿ ಕಡೆ ರಿಪೇರಿ ಅಂಗಡಿಗಳ ಮುಂದೆ ಸಣ್ಣ ಪೆಟ್ರೋಲ್ ಇಂಜಿನ್‌ಗಳು ಸಾಲು ಹಚ್ಚುತ್ತವೆ. ನೀರಿನ ಪಂಪು, ಪವರ್ ವೀಡರ್, ಸಣ್ಣ ಜನರೇಟರ್. ದೂರು ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಹಗ್ಗ ಎಳೆದು ಎಳೆದು ಭುಜ ಬಿದ್ದುಹೋಗುತ್ತೆ, ಸ್ಟಾರ್ಟ್ ಆದ್ರೆ ನೀಲಿ ಹೊಗೆ, ಬಿಸಿಯಾದ್ರೆ ತಾನಾಗೇ ಬಂದ್. ಮಿಸ್ತ್ರಿ ಬೋರ್ ಹೊಡೆಸಿ ಹೊಸ ಪಿಸ್ಟನ್ ಸೆಟ್ ಹಾಕಿ ಕೊಡುತ್ತಾನೆ, ಸ್ವಲ್ಪ ದಿನ ಚೆನ್ನಾಗಿರುತ್ತೆ, ಮತ್ತೆ ಅದೇ ಹಾಡು. ಯಾಕಂದ್ರೆ ಸವೆದದ್ದು ಹೆಡ್‌ನೊಳಗಿನ ವಾಲ್ವ್ ಗೈಡ್. ಹೆಡ್ ಅಂದ್ರೆ ಸಿಲಿಂಡರಿನ ಮೇಲಿನ ಮುಚ್ಚಳ, ಗೈಡ್ ಅಂದ್ರೆ ಅದರಲ್ಲಿ ವಾಲ್ವಿನ ಕಡ್ಡಿ ಮೇಲೆ ಕೆಳಗೆ ಓಡಾಡುವ ಕೊಳವೆ. ಅದನ್ನು ಯಾರೂ ಮುಟ್ಟಿರುವುದಿಲ್ಲ.

ಇನ್ನೊಂದು ಕಡೆ ಹುರುಪಿನ ಹುಡುಗರಿದ್ದಾರೆ. ವಿಡಿಯೋ ನೋಡಿ ಕೈ ಗ್ರೈಂಡರ್ ತಗೊಂಡು ಸೀದಾ ಪೋರ್ಟ್ (ಹೆಡ್ಡಿನಲ್ಲಿ ಗಾಳಿ, ಹೊಗೆ ಹೋಗುವ ದಾರಿ) ಅಗಲ ಮಾಡೋಕೆ ಶುರು ಮಾಡ್ತಾರೆ. ಅವರೂ ಗೈಡ್ ನೋಡಿರುವುದಿಲ್ಲ.

ಗೈಡ್ ಮಾಡುವ ಕೆಲಸ ಕಣ್ಣಿಗೆ ಕಾಣಲ್ಲ. ವಾಲ್ವನ್ನು ನೇರ ಹಿಡಿಯುವುದು ಅದೇ. ವಾಲ್ವ್ ನೇರ ಇಳಿದರೆ ಮಾತ್ರ ಸೀಟಿನ ಮೇಲೆ, ಅಂದ್ರೆ ಅದು ಮುಚ್ಚುವಾಗ ಕೂರುವ ಉಂಗುರದ ಮೇಲೆ, ಸುತ್ತಲೂ ಸಮ ಕೂರುತ್ತೆ, ಕೂತರೆ ಮಾತ್ರ ಕಂಪ್ರೆಶನ್ ನಿಲ್ಲುತ್ತೆ. ಇನ್ನೊಂದು ಮಾತಿದೆ. ವಾಲ್ವ್ ತನ್ನ ಬಿಸಿಯನ್ನು ಹೆಚ್ಚಿನ ಪಾಲು ಸೀಟಿನ ಮೂಲಕ ಹೆಡ್ಡಿಗೆ ಕೊಡುತ್ತೆ, ಉಳಿದದ್ದನ್ನು ಗೈಡ್ ಮೂಲಕ. ಎರಡೂ ಕಡೆ ಸರಿಯಾಗಿ ತಾಗದಿದ್ದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಹೊಲದಲ್ಲಿ ನಿಂತು ಓಡುವ ಇಂಜಿನ್‌ಗೆ ಇದು ಸಣ್ಣ ವಿಷಯ ಅಲ್ಲ.

ಇಲ್ಲಿ ಹೇಳುವುದೆಲ್ಲ ಹೋಂಡಾ ಜಿಎಕ್ಸ್ 160 ಮತ್ತು ಅದೇ ಅಚ್ಚಿನಲ್ಲಿ ಬರುವ 168ಎಫ್ ಮಾದರಿಯ ಇಂಜಿನ್‌ಗಳನ್ನು ಮುಂದಿಟ್ಟುಕೊಂಡು. 163 ಸಿಸಿ, 68 ಮಿ.ಮೀ. ಬೋರ್, 45 ಮಿ.ಮೀ. ಸ್ಟ್ರೋಕ್, ಗಾಳಿಯಿಂದ ತಣ್ಣಗಾಗುವ ಅಲ್ಯೂಮಿನಿಯಂ ಹೆಡ್. 100 ಸಿಸಿ ಬೈಕ್ ಹೆಡ್ಡಿಗೂ ಕೆಲಸದ ರೀತಿ ಇದೇ, ಅಳತೆ ಮಾತ್ರ ಬೇರೆ. ಹೆಗಲಿಗೆ ಹಾಕುವ 2 ಸ್ಟ್ರೋಕ್ ಸ್ಪ್ರೇಯರ್‌ನಲ್ಲಿ ಈ ಥರ ವಾಲ್ವೇ ಇಲ್ಲ. ಜಿಎಕ್ಸ್ 35ರಂಥ ಪುಟ್ಟ 4 ಸ್ಟ್ರೋಕ್‌ಗಳಲ್ಲಿ ಹೆಡ್ಡು, ಸಿಲಿಂಡರ್ ಒಂದೇ ತುಂಡು. ಅದಕ್ಕೆ ಕೈ ಹಾಕಬೇಡಿ.

ಬಿಚ್ಚುವ ಮುಂಚೆ: ತಪ್ಪು ಗೈಡಿನದಾ, ರಿಂಗಿನದಾ?

ಹೊಗೆಯನ್ನು ಸುಮ್ನೆ ನೋಡಿದರೆ ಸಾಲದು, ಯಾವಾಗ ಬರುತ್ತೆ ಅನ್ನೋದು ನೋಡಿ. ರಾತ್ರಿಯಿಡೀ ನಿಂತ ಇಂಜಿನ್ ಸ್ಟಾರ್ಟ್ ಆದ ಕೂಡಲೇ ಒಂದು ಮೋಡದಷ್ಟು ನೀಲಿ ಹೊಗೆ ಬಿಟ್ಟು ಆಮೇಲೆ ಕಮ್ಮಿಯಾದರೆ ಗೈಡ್ ಮೇಲೆ ಅನುಮಾನ. ಥ್ರಾಟಲ್ ಇಳಿಸಿದಾಗ ಹೊಗೆ ಜಾಸ್ತಿಯಾದರೂ ಹಾಗೇ. ಲೋಡ್ ಬಿದ್ದಷ್ಟೂ ಹೊಗೆ ಜಾಸ್ತಿ, ಎಣ್ಣೆ ಹಾಕುವ ಬಾಯಿಂದ ಬುಸುಬುಸು ಗಾಳಿ ಬರ್ತಿದೆ ಅಂದ್ರೆ ಅದು ರಿಂಗು, ಬೋರಿನ ಕಥೆ.

ತಣ್ಣಗಿದ್ದಾಗ ಚೆನ್ನಾಗಿ ಓಡಿ, ಅರ್ಧ ಗಂಟೆ ಆದ ಮೇಲೆ ದಪ್ ಅಂತ ನಿಂತು, ಹಗ್ಗ ಎಳೆದರೆ ಸಿಲಿಂಡರ್‌ನಲ್ಲಿ ಬಿಗಿಯೇ ಇಲ್ಲದ ಹಾಗೆ ಹಗುರ ಬರ್ತಿದ್ದರೆ ಅದು ಸವೆತ ಅಲ್ಲ, ಅದರ ಉಲ್ಟಾ. ಎಕ್ಸಾಸ್ಟ್ ಗೈಡ್‌ನೊಳಗೆ ಮಸಿ ಕಟ್ಟಿ ವಾಲ್ವ್ ತೆರೆದಲ್ಲೇ ಹಿಡಿದುಕೊಂಡಿರುತ್ತೆ. ಇಂಥ ಹೊತ್ತಲ್ಲಿ ಜೋರು ಮಾಡಿ ಹಗ್ಗ ಎಳೆದರೆ ಪುಶ್ ರಾಡ್ (ವಾಲ್ವ್ ತೆರೆಯೋಕೆ ಕೆಳಗಿನಿಂದ ತಳ್ಳುವ ಕಡ್ಡಿ) ಬಾಗಬಹುದು. ಹೀಗಾಗಿದ್ದರೆ ಮೊದಲು ಫ್ಯಾನ್ ಕವರ್ ಬಿಚ್ಚಿ ಹೆಡ್ಡಿನ ರೆಕ್ಕೆಗಳನ್ನು ನೋಡಿ. ತೊಗರಿ ಹೊಟ್ಟು, ಕಪ್ಪು ಮಣ್ಣಿನ ಧೂಳು, ಸೋರಿದ ಎಣ್ಣೆ ಮೂರೂ ಸೇರಿ ರೆಕ್ಕೆಗಳ ನಡುವೆ ಗಟ್ಟಿ ಬೆಣೆ ಹೊಡೆದ ಹಾಗೆ ಕೂತಿರುತ್ತೆ. ಗಾಳಿ ಹೋಗೋಕೆ ದಾರಿಯೇ ಇಲ್ಲ. ಹೆಡ್ ಕಾದರೆ ಗೈಡ್ ಒಣಗುತ್ತೆ, ಎಣ್ಣೆ ಸುಟ್ಟು ಮಸಿಯಾಗುತ್ತೆ. ಈ ಇಂಜಿನ್‌ಗಳಲ್ಲಿ ಎಣ್ಣೆ ಪಂಪು ಇಲ್ಲ, ಕೆಳಗೆ ಚಿಮ್ಮಿದ ಎಣ್ಣೆಯ ಹಬೆಯಷ್ಟೇ ಮೇಲಕ್ಕೆ ಬರುವುದು. ಹಾಗಾಗಿ ಎಣ್ಣೆ ಹಳೆಯದಾದರೆ ಮೊದಲು ಬಡಿಸಿಕೊಳ್ಳುವವರಲ್ಲಿ ಗೈಡೂ ಒಂದು.

ಕಂಪ್ರೆಶನ್ ಗೇಜ್ ಹಾಕಿ ನೋಡಿ ಗಾಬರಿಯಾಗಬೇಡಿ. ಈ ಇಂಜಿನ್‌ಗಳ ಕ್ಯಾಮ್‌ನಲ್ಲಿ ಒಂದು ಡಿಕಂಪ್ರೆಸರ್ ಇರುತ್ತೆ, ಹಗ್ಗ ಎಳೆಯುವಾಗ ಎಕ್ಸಾಸ್ಟ್ ವಾಲ್ವನ್ನು ಚೂರು ಎತ್ತಿ ಹಿಡಿಯುತ್ತೆ, ಕೈಗೆ ಹಗುರಾಗಲಿ ಅಂತ. ಹಾಗಾಗಿ ಹೊಸ ಇಂಜಿನ್ ಸಹ ಗೇಜಿನಲ್ಲಿ ಕಮ್ಮಿ ತೋರಿಸುತ್ತೆ. ಗಾಳಿ ಬಿಟ್ಟು ನೋಡುವುದೇ ನಂಬುವ ದಾರಿ. ಹಳೇ ಸ್ಪಾರ್ಕ್ ಪ್ಲಗ್‌ನ ಪಿಂಗಾಣಿ ತೆಗೆದು ಅದರ ದೇಹಕ್ಕೆ ಗಾಳಿ ಪೈಪಿನ ನಿಪ್ಪಲ್ ಹಚ್ಚಿಸಿ. ಪಿಸ್ಟನ್ ಕಂಪ್ರೆಶನ್ನಿನ ತುತ್ತತುದಿಯಲ್ಲಿ ನಿಲ್ಲಿಸಿ, ಕ್ರ್ಯಾಂಕ್ ತಿರುಗದ ಹಾಗೆ ಗಟ್ಟಿ ಕಟ್ಟಿ, ಕಮ್ಮಿ ಒತ್ತಡದಿಂದ ಗಾಳಿ ಬಿಡಿ. ಕಟ್ಟದೆ ಬಿಟ್ಟರೆ ಶಾಫ್ಟ್ ಒಮ್ಮೆಲೇ ತಿರುಗಿ ಕೈ ಮುರಿಯುತ್ತೆ, ಇದು ತಮಾಷೆ ಅಲ್ಲ. ಕಾರ್ಬ್ಯುರೇಟರ್ ಕಡೆ ಸುಯ್ ಅಂದ್ರೆ ಇನ್‌ಲೆಟ್ ವಾಲ್ವ್. ಸೈಲೆನ್ಸರ್ ಕಡೆ ಅಂದ್ರೆ ಎಕ್ಸಾಸ್ಟ್. ಎಣ್ಣೆ ಬಾಯಲ್ಲಿ ಅಂದ್ರೆ ರಿಂಗು.

ಹೆಡ್ ಇಳಿಸುವುದು

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪ್ಲಗ್ ವೈರ್ ತೆಗೆಯಿರಿ, ಪೆಟ್ರೋಲ್ ಖಾಲಿ ಮಾಡಿ, ಗವರ್ನರ್ (ಸುತ್ತಿನ ವೇಗ ಹಿಡಿತದಲ್ಲಿಡುವ ಭಾಗ) ಸ್ಪ್ರಿಂಗು ಯಾವ ತೂತಿನಲ್ಲಿತ್ತು ಅಂತ ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ. ಹೆಡ್ ಬೋಲ್ಟ್ 4 ಇವೆ. ಎದುರುಬದುರು ಅರ್ಧರ್ಧ ಸುತ್ತು ಸಡಿಲ ಮಾಡಿ, ಒಂದನ್ನೇ ಪೂರ್ತಿ ಬಿಚ್ಚಿದರೆ ಹೆಡ್ ಬಾಗುತ್ತೆ.

ಪುಶ್ ರಾಡ್, ರಾಕರ್ (ವಾಲ್ವ್ ತುದಿ ಒತ್ತುವ ತೋಳು), ವಾಲ್ವ್ ಎಲ್ಲ ಯಾವುದು ಇನ್‌ಲೆಟ್, ಯಾವುದು ಎಕ್ಸಾಸ್ಟ್ ಅಂತ ಬೇರೆಬೇರೆ ಡಬ್ಬಿಗೆ ಹಾಕಿ. ಒಟ್ಟಿಗೇ ಓಡಿ ಸವೆದ ಜೋಡಿ ಅವು, ಅದಲುಬದಲು ಆಗಬಾರದು. ಸ್ಪ್ರಿಂಗ್ ಬಿಚ್ಚೋಕೆ ಇಲ್ಲಿ ದೊಡ್ಡ ಟೂಲ್ ಬೇಡ. ಕಂಬಶನ್ ಚೇಂಬರ್ ಕೆಳಗೆ ಬಟ್ಟೆಯ ಗಂಟು ಇಟ್ಟು ವಾಲ್ವ್ ಕೆಳಗೆ ಜಾರದಂತೆ ಮಾಡಿ, ಸ್ಪ್ರಿಂಗಿನ ಟೋಪಿಯನ್ನು ಎರಡು ಹೆಬ್ಬೆರಳಲ್ಲಿ ಒತ್ತಿ ಪಕ್ಕಕ್ಕೆ ಜಾರಿಸಿದರೆ ಬಂತು. ಕಣ್ಣಿಗೆ ಕನ್ನಡಕ ಇರಲಿ. ಎಕ್ಸಾಸ್ಟ್ ವಾಲ್ವ್ ತುದಿಯಲ್ಲಿ ಒಂದು ಪುಟ್ಟ ಟೋಪಿ ಇರುತ್ತೆ, ಅದು ಎಣ್ಣೆಗೆ ಅಂಟಿಕೊಂಡು ಎಲ್ಲೋ ಬಿದ್ದು ಕಳೆದುಹೋಗುತ್ತೆ, ಹುಷಾರು. ಬೈಕ್ ಹೆಡ್ಡಾದರೆ ಎರಡು ತುಂಡಿನ ಕಾಲೆಟ್ ಇರುತ್ತೆ, ಅದಕ್ಕೆ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು.

ಮಸಿ ತೆಗೆಯೋಕೆ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ನೆನೆ ಹಾಕಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆಯಿರಿ. ಕೆಲವು ಕಡೆ ಕಾಸ್ಟಿಕ್ ಸೋಡಾ ನೀರಲ್ಲಿ ಕುದಿಸುವ ಅಭ್ಯಾಸ ಇದೆ. ಬೀಡು ಕಬ್ಬಿಣದ ಹೆಡ್ಡಿಗೆ ಅದು ನಡೆಯುತ್ತೆ. ಅಲ್ಯೂಮಿನಿಯಂನ್ನು ಕಾಸ್ಟಿಕ್ ತಿಂದು ಹಾಕುತ್ತೆ. ಯಾರಿಗಾದರೂ ತೊಳೆಯೋಕೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ.

ಅಳತೆ

ಗೈಡ್‌ನೊಳಗೆ ಸಣ್ಣ ಹಿತ್ತಾಳೆ ಬ್ರಶ್ ಆಡಿಸಿ ಮಸಿ ತೆಗೆದ ಮೇಲೆಯೇ ಅಳೆಯಿರಿ. ಮಸಿ ಇದ್ದರೆ ಸವೆದ ಗೈಡೂ ಬಿಗಿ ಅನ್ನಿಸುತ್ತೆ.

ಜಿಎಕ್ಸ್ 160ರಲ್ಲಿ ಹೊಸ ಗೈಡಿನ ಒಳ ಅಳತೆ 5.50 ಮಿ.ಮೀ. ಇನ್‌ಲೆಟ್ ವಾಲ್ವ್ ಕಡ್ಡಿ 5.48, ಎಕ್ಸಾಸ್ಟ್ ಕಡ್ಡಿ 5.44. ಅಂದ್ರೆ ಎಕ್ಸಾಸ್ಟ್‌ಗೆ ಬೇಕಂತಲೇ ಸಡಿಲ ಜಾಸ್ತಿ ಕೊಟ್ಟಿದ್ದಾರೆ. ಅದು ಹೆಚ್ಚು ಕಾದು ಹೆಚ್ಚು ಹಿಗ್ಗುತ್ತೆ ಅಲ್ವಾ? ಇನ್‌ಲೆಟ್‌ನಲ್ಲಿ ಸಡಿಲ 0.10 ಮಿ.ಮೀ. ದಾಟಿದರೆ, ಎಕ್ಸಾಸ್ಟ್‌ನಲ್ಲಿ 0.12 ದಾಟಿದರೆ ಆ ಜೋಡಿಯ ಆಯಸ್ಸು ಮುಗೀತು ಅಂತ ಲೆಕ್ಕ. ಗೈಡಿನ ಒಳಗನ್ನು ಒಂದೇ ಜಾಗದಲ್ಲಿ ನೋಡಿದರೆ ಆಗಲ್ಲ. ಮೇಲೆ, ನಡುವೆ, ಕೆಳಗೆ ನೋಡಿ, ರಾಕರ್ ತಳ್ಳುವ ದಿಕ್ಕಿನಲ್ಲೂ ಅದಕ್ಕೆ ಅಡ್ಡಲಾಗಿಯೂ ನೋಡಿ. ಸವೆದ ಗೈಡ್ ದುಂಡಗೆ ಉಳಿದಿರಲ್ಲ, ಎರಡು ತುದಿಗಳಲ್ಲಿ ತುತ್ತೂರಿ ಬಾಯಿ ಥರ ಅಗಲವಾಗಿರುತ್ತೆ, ನಡುವೆ ಮಾತ್ರ ಅಳತೆ ಸರಿ ತೋರಿಸುತ್ತೆ.

ಮೈಕ್ರೋಮೀಟರ್ ಇಲ್ಲದವರಿಗೆ ಒಂದು ದಾರಿ ಇದೆ. ಹೊಸ ವಾಲ್ವ್ ತನ್ನಿ, ಹೇಗಿದ್ದರೂ ಬೇಕಾಗುತ್ತೆ. ಕಡ್ಡಿಗೆ ತೆಳ್ಳಗೆ ಎಣ್ಣೆ ಸವರಿ ಹಳೇ ಗೈಡಿಗೆ ಹಾಕಿ, ಸೀಟಿನಿಂದ 10 ಮಿ.ಮೀ.ನಷ್ಟು ಎತ್ತಿ ಅಲ್ಲಾಡಿಸಿ. ಹೊಸ ವಾಲ್ವೂ ಲಟಪಟ ಅಂದ್ರೆ ಗೈಡ್ ಹೋಗಿದೆ. ಹೊಸದು ಗಟ್ಟಿ ಕೂತು ಹಳೆಯದು ಮಾತ್ರ ಅಲ್ಲಾಡಿದರೆ ವಾಲ್ವ್ ಸವೆದಿದೆ, ಗೈಡ್ ಮುಟ್ಟಬೇಡಿ, ದುಡ್ಡು ಉಳೀತು. ಹಾಗೇ ಗೈಡಿನ ಒಂದು ತುದಿಗೆ ಬೆರಳು ಒತ್ತಿ ಹಿಡಿದು ವಾಲ್ವ್ ಕಡ್ಡಿಯನ್ನು ಜಗ್ಗಿದರೆ ಒಳ್ಳೇ ಗೈಡ್ ಬೆರಳನ್ನು ಎಳೆದುಕೊಳ್ಳುತ್ತೆ. ಸವೆದದ್ದು ಏನೂ ಮಾಡಲ್ಲ.

ಒಂದು ಶಾರ್ಟ್‌ಕಟ್ ಇದೆ, ಗೈಡ್‌ನೊಳಗೆ ಗೆರೆ ಎಬ್ಬಿಸಿ, ಅಂದ್ರೆ ನರ್ಲಿಂಗ್ ಮಾಡಿ, ಅಳತೆ ಕಮ್ಮಿ ಮಾಡುವುದು. ನಾನು ಒಪ್ಪಲ್ಲ. ವಾಲ್ವ್ ಆ ಗೆರೆಗಳ ತುದಿಯ ಮೇಲಷ್ಟೇ ಓಡುತ್ತೆ, ಬೇಗ ಸವೆಯುತ್ತೆ. ಮಾರೋಕೆ ಇಟ್ಟ ಇಂಜಿನ್‌ಗೆ ಮಾಡುವ ಕೆಲಸ ಅದು.

ಹಳೇ ಗೈಡ್ ಹೊರಗೆ, ಹೊಸದು ಒಳಗೆ

ಇಲ್ಲಿಂದ ನಿಧಾನ. ಹೆಡ್ ಹಾಳಾಗುವುದೆಲ್ಲ ಈ ಹಂತದಲ್ಲೇ.

ಹೊಡೆಯುವ ಮುಂಚೆ ಎರಡು ಕೆಲಸ. ಹಳೇ ಗೈಡ್ ಸ್ಪ್ರಿಂಗ್ ಕಡೆ ಎಷ್ಟು ಮೇಲೆದ್ದಿದೆ ಅಂತ ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಹೊಸದು ಅಷ್ಟೇ ನಿಲ್ಲಬೇಕು. ಜಾಸ್ತಿ ಎದ್ದರೆ ಸ್ಪ್ರಿಂಗ್ ಟೋಪಿ ಬಡಿಯುತ್ತೆ. ಎರಡನೆಯದು, ಪೋರ್ಟ್‌ನೊಳಗೆ ಚಾಚಿದ ಗೈಡಿನ ತುದಿಗೆ ಮಸಿಯ ಗಟ್ಟಿ ಉಂಗುರ ಇರುತ್ತೆ, ಅದನ್ನು ಪೂರ್ತಿ ಕೆರೆದು ತೆಗೆಯಿರಿ. ಮಸಿ ಸಮೇತ ಗೈಡನ್ನು ಎಳೆದರೆ ಅದು ಹೆಡ್ಡಿನ ಅಲ್ಯೂಮಿನಿಯಂ ತೂತನ್ನು ಉದ್ದಕ್ಕೂ ಗೀರುತ್ತೆ.

ಆಮೇಲೆ ಬಿಸಿ ಮಾಡುವುದು. ಇದರ ಲೆಕ್ಕ ಒಮ್ಮೆ ನೋಡಿಬಿಡಿ, ಆಮೇಲೆ ಯಾರೂ ತಣ್ಣನೆ ಹೆಡ್ಡಿಗೆ ಸುತ್ತಿಗೆ ಎತ್ತಲ್ಲ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ತನ್ನ ಅಳತೆಯ 10 ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತೆ. ಗೈಡಿನ ಬೀಡು ಕಬ್ಬಿಣ ಸುಮಾರು 11 ಪಾಲು. ಗೈಡ್ ಕೂರುವ ತೂತು 11 ಮಿ.ಮೀ. ಅಂತ ಇಟ್ಟುಕೊಳ್ಳಿ. ಹೆಡ್ಡನ್ನು 30ರಿಂದ 150 ಡಿಗ್ರಿಗೆ ಕಾಯಿಸಿದರೆ ತೂತು 0.03 ಮಿ.ಮೀ. ಅಗಲವಾಗುತ್ತೆ. ಹೊಸ ಗೈಡನ್ನು ಫ್ರಿಜ್‌ನ ಐಸ್ ಖಾನೆಯಲ್ಲಿ ಇಟ್ಟರೆ ಅದು ಕುಗ್ಗುವುದು 0.006 ಮಾತ್ರ. ಗೈಡಿನ ಬಿಗಿ ಸಾಮಾನ್ಯವಾಗಿ 0.03ರಿಂದ 0.05ರವರೆಗೆ ಇರುತ್ತೆ. ಅಂದ್ರೆ ಕೆಲಸದ ಬಹುಪಾಲು ಮಾಡುವುದು ಹೆಡ್ಡಿನ ಬಿಸಿ, ಐಸು ಒಂದಿಷ್ಟು ಸಹಾಯ ಅಷ್ಟೇ. ಫ್ರಿಜ್‌ನಲ್ಲಿ ಇಟ್ಟಿದ್ದೀನಲ್ಲ ಅಂತ ಹೆಡ್ ಕಾಯಿಸದೆ ಹೊಡೆಯೋಕೆ ಹೋಗಬೇಡಿ.

ಗ್ಯಾಸ್ ಟಾರ್ಚ್ ಬೇಡ. ಒಂದೇ ಜಾಗ ಸುಟ್ಟು ಹೆಡ್ ಬಾಗುತ್ತೆ. ಓವನ್ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಕಬ್ಬಿಣದ ದಪ್ಪ ರೊಟ್ಟಿ ಹಂಚಿನ ಮೇಲೆ ಒಣ ಮರಳು ಹರಡಿ, ಅದರಲ್ಲಿ ಹೆಡ್ ಕೂರಿಸಿ, ಮೇಲೆ ಒಂದು ತಗಡಿನ ಡಬ್ಬಿ ಮುಚ್ಚಿ, ಸಣ್ಣ ಉರಿಯಲ್ಲಿ ಕಾಯಿಸಿ. ಮನೆಯ ಹಂಚು ತಗೊಂಡರೆ ಆ ದಿನ ಜೋಳದ ರೊಟ್ಟಿ ಸಿಗಲ್ಲ, ಸಂತೆಯಲ್ಲಿ ಬೇರೆ ಹಂಚು ತಗೊಳ್ಳಿ. ಕಾಯಿಸುವ ಮುಂಚೆ ಹೆಡ್ಡಿನಲ್ಲಿ ಸೀಮೆಎಣ್ಣೆ ಹನಿಯೂ ಉಳಿದಿರಬಾರದು, ರಬ್ಬರ್ ಸೀಲ್ ತೆಗೆದಿರಬೇಕು. 150 ದಾಟಿಸಬೇಡಿ, ಸೀಟಿನ ಉಂಗುರವೂ ಬಿಗಿಯಲ್ಲೇ ನಿಂತಿರುವುದು, ಅದು ಸಡಿಲಾದರೆ ಹೆಡ್ಡೇ ಹೋಯಿತು. ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರ್ ಗನ್ನು ಹೊಳೆಯುವ ಅಲ್ಯೂಮಿನಿಯಂ ಮೇಲೆ ಸುಳ್ಳು ಹೇಳುತ್ತೆ, ಇದ್ದದ್ದಕ್ಕಿಂತ ಕಮ್ಮಿ ತೋರಿಸುತ್ತೆ. ಹೆಡ್ಡಿನ ಒಂದು ಮೂಲೆಗೆ ದೀಪದ ಮಸಿ ಹಿಡಿಸಿ ಅಲ್ಲಿ ಗುರಿ ಇಡಿ.

ಹೊಡೆಯೋಕೆ ಎರಡು ಮೆಟ್ಟಿಲಿನ ಡ್ರಿಫ್ಟ್, ಅಂದ್ರೆ ಗೈಡಿಗೆ ಕೊಟ್ಟು ಹೊಡೆಯುವ ಸರಳು, ಬೇಕು. ಸಣ್ಣ ಮೆಟ್ಟಿಲು ಗೈಡ್ ಒಳಗೆ ಸಡಿಲಾಗಿ ಕೂರುವಷ್ಟು, ದೊಡ್ಡದು ಗೈಡಿನ ಹೊರ ಅಳತೆಗಿಂತ ಚೂರು ಕಮ್ಮಿ. ಯಾವ ಲೇತ್‌ನಲ್ಲಾದರೂ ಮಾಡಿಕೊಡ್ತಾರೆ. ಸ್ಕ್ರೂಡ್ರೈವರ್, ಮೊಳೆ, ಬೋಲ್ಟು ಇವನ್ನೆಲ್ಲ ದೂರ ಇಡಿ. ಕಂಬಶನ್ ಚೇಂಬರ್ ಕಡೆಯಿಂದ ಹೊಡೆದು ಸ್ಪ್ರಿಂಗ್ ಕಡೆ ಹೊರಗೆ ತೆಗೆಯಿರಿ. ಹೊಸದನ್ನು ಸ್ಪ್ರಿಂಗ್ ಕಡೆಯಿಂದ ಒಳಗೆ ಹಾಕಿ. ಹೆಡ್ಡಿನ ಕೆಳಗೆ ಮರದ ಹಲಗೆ ಇರಲಿ. ಬಿಸಿ ಸರಿಯಿದ್ದರೆ ಸಣ್ಣ ಪೆಟ್ಟಿಗೇ ಜಾರುತ್ತೆ. ಜೋರು ಹೊಡೆಯಬೇಕು ಅನ್ನಿಸಿದರೆ ನಿಲ್ಲಿಸಿ, ಮತ್ತೆ ಕಾಯಿಸಿ. ಹೊಸದು ಇಳಿಯುವಾಗ ಪ್ರತಿ ಪೆಟ್ಟಿಗೂ ಮಂದ ಸದ್ದು ಬರುತ್ತೆ. ಕ್ಲಿಪ್ ಇರುವ ಗೈಡಾದರೆ ಕ್ಲಿಪ್ ಹೆಡ್ಡಿಗೆ ತಾಗಿದ ಕೂಡಲೇ ಸದ್ದು ಬದಲಾಗಿ ಠಣ್ ಅನ್ನುತ್ತೆ. ಅಲ್ಲಿಗೆ ಕೈ ಬಿಡಿ. ಹೆಡ್ ತಣ್ಣೀರಿಗೆ ಹಾಕಬೇಡಿ, ತಾನಾಗಿ ಆರಲಿ.

ಹಳೇ ಗೈಡ್ ಬಂದ ಮೇಲೆ ತೂತು ಗೀರಿದ್ದರೆ ಅಥವಾ ಹೊಸದು ಕೈಯಿಂದಲೇ ಒಳಗೆ ಹೋಗುವಷ್ಟು ಸಡಿಲಾಗಿದ್ದರೆ, ಅಂಟು ಹಾಕಿ ನಿಲ್ಲಿಸುವ ಯೋಚನೆ ಬಿಡಿ. ತೂತನ್ನು ನೇರ ಮಾಡಿ, ಅದಕ್ಕೆ 0.04 ಮಿ.ಮೀ.ನಷ್ಟು ದೊಡ್ಡ ಗೈಡ್ ಲೇತ್‌ನಲ್ಲಿ ಕಡೆಸಬೇಕು. ಆಗ ಫಾಸ್ಫರ್ ಬ್ರಾಂಜ್ ಹಾಕಿಸುವುದು ಒಳ್ಳೇ ಮಾರ್ಪಾಡು. ಬೀಡು ಕಬ್ಬಿಣಕ್ಕಿಂತ ಬಿಸಿ ಬೇಗ ದಾಟಿಸುತ್ತೆ, ಎಣ್ಣೆ ಕಮ್ಮಿ ಸಿಕ್ಕರೂ ವಾಲ್ವ್ ಕಡ್ಡಿಯನ್ನು ಸುಲಭಕ್ಕೆ ಹಿಡಿಯಲ್ಲ. ಆದ್ರೆ ಬ್ರಾಂಜ್ ಅಂತ ಹಳದಿ ಹಿತ್ತಾಳೆ ಹಾಕಿಬಿಡುವವರು ಇದ್ದಾರೆ. ಹಿತ್ತಾಳೆ ಎಕ್ಸಾಸ್ಟ್ ಬಿಸಿಗೆ ನಿಲ್ಲಲ್ಲ. ಬಣ್ಣ ನೋಡಿ: ಬ್ರಾಂಜ್ ಕೆಂಪು ಹೊಡೆಯುತ್ತೆ, ಹಿತ್ತಾಳೆ ಹಳದಿ. ಕಲಬುರಗಿಯ ಕಪನೂರ, ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಕಡೆ ಲೇತ್ ಕೆಲಸ ಬಲ್ಲವರನ್ನು ವಿಚಾರಿಸಿ. ಒಳ್ಳೇ ರೀಮರ್ (ತೂತನ್ನು ಅಳತೆಗೆ ತಕ್ಕಂತೆ ನುಣ್ಣಗೆ ಕೆರೆಯುವ ಟೂಲ್), ಬ್ರಾಂಜ್ ರಾಡ್ ಇಲ್ಲಿ ಸಿಗದಿದ್ದರೆ ಸಿಕಂದರಾಬಾದಿನ ರಾಣಿಗಂಜ್ ಬಜಾರ್ ಇದೆ, ಬೀದರ್‌ನವರು ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು.

ಒತ್ತಿ ಕೂರಿಸಿದ ಗೈಡ್ ಒಳಗೆ ಸ್ವಲ್ಪ ಕುಗ್ಗುತ್ತೆ, ಹಾಗಾಗಿ ಹೆಡ್ ಪೂರ್ತಿ ಆರಿದ ಮೇಲೆ ರೀಮರ್ ಹಾಕಲೇಬೇಕು. 5.5ರ ರೀಮರ್, ಕೈಯಲ್ಲೇ, ಡ್ರಿಲ್ ಮಶೀನಿಗೆ ಹಾಕಿ ಅಲ್ಲ. ಕಟಿಂಗ್ ಎಣ್ಣೆ ಧಾರಾಳ ಇರಲಿ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಇಳಿಸಿ, ಹೊರಗೆ ತೆಗೆಯುವಾಗಲೂ ಅದೇ ದಿಕ್ಕಿಗೇ ತಿರುಗಿಸಿ. ಉಲ್ಟಾ ತಿರುಗಿಸಿದರೆ ಅಂಚು ಮೊಂಡಾಗಿ ಗೈಡ್‌ನೊಳಗೆ ಗೀರು ಬೀಳುತ್ತೆ. ಮುಗಿದ ಮೇಲೆ ವಾಲ್ವಿಗೆ ಎಣ್ಣೆ ಸವರಿ ಹಾಕಿದರೆ ಅದರ ಭಾರಕ್ಕೇ ಮೆಲ್ಲಗೆ ಇಳಿಯಬೇಕು, ಎಲ್ಲೂ ಹಿಡಿಯಬಾರದು. ಬ್ರಾಂಜ್ ಹಾಕಿದ್ದೀವಿ ಅಂತ ಸಡಿಲ ಕಮ್ಮಿ ಇಡೋಕೆ ಕೆಲವರು ಹೇಳ್ತಾರೆ. ರೇಸಿಗೆ ಸರಿ ಇರಬಹುದು. ನಮ್ಮ ಬಿಸಿಲಿಗೆ, ಗಾಳಿಯಲ್ಲಿ ತಣ್ಣಗಾಗುವ ಇಂಜಿನ್‌ಗೆ, ಕಂಪನಿಯ ಅಳತೆಯೇ ಇರಲಿ.

ಸೀಟ್

ಹೊಸ ಗೈಡ್ ಅಂದ್ರೆ ಹೊಸ ನಡುಗೆರೆ. ಕೂದಲೆಳೆಯಷ್ಟಾದರೂ ಜಾಗ ಬದಲಾಗಿರುತ್ತೆ. ಹಳೇ ಸೀಟು ಇನ್ನೂ ಹಳೇ ಗೈಡಿಗೆ ಹೊಂದಿಕೊಂಡೇ ಇದೆ. ಅದಕ್ಕೇ ಗೈಡ್ ಬದಲಿಸಿದ ಮೇಲೆ ಸೀಟ್ ಕಟಿಂಗ್ ಬೇಕೇ ಬೇಕು. ಕಟರ್‌ನ ಪೈಲಟ್ ಕಡ್ಡಿ ನಿಲ್ಲುವುದೇ ಗೈಡ್‌ನೊಳಗೆ, ಹಾಗಾಗಿ ಕ್ರಮ ಉಲ್ಟಾ ಆದರೆ ಕೆಲಸ ಪೂರ್ತಿ ದಂಡ. ಲೇತ್ ಅಂಗಡಿಗೆ ಕೊಡುವಾಗ ಸುಮ್ನೆ ಹೆಡ್ ಕೊಟ್ಟು ಬರಬೇಡಿ. "ಕಾಕಾ, ಮೊದ್ಲ ಗೈಡ್ ಹಾಕಿ ರೀಮರ್ ಹೊಡೀರಿ, ಆಮ್ಯಾಲ ಸೀಟ್ ಕಟ್ ಮಾಡ್ರಿ, ಪೈಲಟ್ ಹೊಸ ಗೈಡಿನಾಗೇ ನಿಲ್ಲಿಸ್ರಿ" ಅಂತ ಹೇಳಿ. ಕಾಕಾ ಒಮ್ಮೆ ಗುರ್ ಅನ್ನಬಹುದು, ಪರವಾಗಿಲ್ಲ.

ಸೀಟಿನ ಮುಖ 45 ಡಿಗ್ರಿ. ಅದರ ಮೇಲಂಚನ್ನು 30ರ ಸುತ್ತಮುತ್ತಲಿನ ಕಟರ್‌ನಿಂದ, ಒಳ ಅಂಚನ್ನು 60ರದ್ದರಿಂದ ಕತ್ತರಿಸಿ ಮುಖದ ಅಗಲ ಹದಕ್ಕೆ ತರುತ್ತಾರೆ. ಜಿಎಕ್ಸ್ 160ಕ್ಕೆ ಹೊಸತರಲ್ಲಿ ಅಗಲ 0.8 ಮಿ.ಮೀ., ಮಿತಿ 2.0. ಅಗಲ ಜಾಸ್ತಿಯಾದರೆ ಒತ್ತಡ ಹಂಚಿಹೋಗಿ ಮಸಿ ಕೂರುತ್ತೆ, ಗಾಳಿ ಸೋರುತ್ತೆ. ತೀರಾ ಕಿರಿದಾದರೆ ಬಿಸಿ ದಾಟೋಕೆ ಜಾಗವಿಲ್ಲ. ಹೊಲದ ಇಂಜಿನ್‌ಗೆ ಎಕ್ಸಾಸ್ಟ್ ಸೀಟ್ 1 ಮಿ.ಮೀ. ಇಡಿಸಿ. ಕಟರ್ ಹಾಕಿದಷ್ಟೂ ವಾಲ್ವ್ ಹೆಡ್ಡಿನೊಳಗೆ ಆಳಕ್ಕೆ ಹೋಗುತ್ತೆ, ಕಡ್ಡಿ ಸ್ಪ್ರಿಂಗ್ ಕಡೆ ಮೇಲೇಳುತ್ತೆ. ಹಾಗಾಗಿ ಕಮ್ಮಿ ಕತ್ತರಿಸಿದಷ್ಟು ಒಳ್ಳೇದು. ವಾಲ್ವ್ ತಟ್ಟೆಯ ಅಂಚು ಚಾಕುವಿನಂತೆ ತೆಳ್ಳಗಾಗಿದ್ದರೆ ಅದನ್ನು ಮತ್ತೆ ಹಾಕಬೇಡಿ, ಆ ಅಂಚೇ ಮೊದಲು ಸುಡುವುದು.

ಲ್ಯಾಪಿಂಗ್, ಅಂದ್ರೆ ಪೇಸ್ಟ್ ಹಚ್ಚಿ ವಾಲ್ವನ್ನು ಸೀಟಿಗೆ ಉಜ್ಜುವುದು, ಕೊನೆಯ ಒರೆಸುವಿಕೆ. ಸೀಟ್ ಕೆಟ್ಟಿದ್ದನ್ನು ಪೇಸ್ಟ್ ಉಜ್ಜಿ ಸರಿ ಮಾಡ್ತೀನಿ ಅಂದ್ರೆ ವಾಲ್ವಿಗೆ ಗುಂಡಿ ಬೀಳುತ್ತೆ. ಫೈನ್ ಪೇಸ್ಟ್, ಸಾಸಿವೆ ಕಾಳಿನಷ್ಟು ಮೂರು ನಾಲ್ಕು ಚುಕ್ಕಿ, ಮುಖದ ಮೇಲೆ ಮಾತ್ರ. ಕಡ್ಡಿಗೆ ಎಣ್ಣೆ ಸವರಿ, ಗೈಡ್‌ನೊಳಗೆ ಪೇಸ್ಟ್ ಹೋಗಬಾರದು, ಹೋದರೆ ಇಷ್ಟು ಕಷ್ಟಪಟ್ಟು ಮಾಡಿದ ರೀಮಿಂಗ್ ಹಾಳು. ರಬ್ಬರ್ ಕಪ್ಪಿನ ಕೋಲನ್ನು ಅಂಗೈ ನಡುವೆ ಹಿಂದೆ ಮುಂದೆ ಉರುಳಿಸಿ, ಆಗಾಗ ಎತ್ತಿ ಕಾಲು ಸುತ್ತು ತಿರುಗಿಸಿ ಇಡಿ. ಮೊದಲು ಗರಗರ ಸದ್ದು, ಆಮೇಲೆ ಸದ್ದು ನುಣ್ಣಗಾಗುತ್ತೆ. ಒರೆಸಿ ನೋಡಿ. ಸುತ್ತಲೂ ಒಂದೇ ಅಗಲದ, ಹೊಳಪಿಲ್ಲದ ಬೂದು ಉಂಗುರ ಬಂದಿದ್ದರೆ ಸಾಕು. ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯ ಅಂದ್ರೆ ಸೀಟ್ ಓರೆ ಕಟ್ ಆಗಿದೆ. ಇನ್ನಷ್ಟು ಉಜ್ಜಬೇಡಿ, ವಾಪಸ್ ಕೊಡಿ.

ತೊಳೆಯುವಾಗ ಸೀಮೆಎಣ್ಣೆ ಒಂದೇ ಸಾಲಲ್ಲ. ಅದು ಪೇಸ್ಟಿನ ಜಿಡ್ಡು ಕರಗಿಸುತ್ತೆ, ಮರಳನ್ನು ಅಲ್ಲೇ ಬಿಡುತ್ತೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಶ್ಶು. ಗೈಡ್‌ನೊಳಗೆ ಬಿಳಿ ಬಟ್ಟೆ ಎಳೆದು ಅದು ಬಿಳಿಯಾಗೇ ಹೊರಬರುವ ತನಕ. ಒಣಗಿಸಿ ಕೂಡಲೇ ಎಣ್ಣೆ ಸವರಿ.

ವಾಲ್ವ್, ಸ್ಪ್ರಿಂಗ್ ಹಾಕಿದ ಮೇಲೆ ಪೋರ್ಟ್‌ನೊಳಗೆ ಸೀಮೆಎಣ್ಣೆ ಸುರಿದು ಐದು ನಿಮಿಷ ಇಡಿ. ಚೇಂಬರ್ ಕಡೆ ಒಣಗಿರಬೇಕು.

ಪೋರ್ಟ್: ಆಸೆ ಇದ್ದವರಿಗೆ

ಈ ಇಂಜಿನ್ ಗವರ್ನರ್ ಹಿಡಿದಿರುವ ಇಂಜಿನ್, ಓಡುವುದು 3600 ಸುತ್ತಿನ ಆಸುಪಾಸು. ಅಷ್ಟು ಸುತ್ತಿಗೆ ಕಂಪನಿ ಕೊಟ್ಟ ಪೋರ್ಟ್ ಸಾಕಷ್ಟಾಯಿತು. ಅಗಲ ಮಾಡಿದರೆ ಗಾಳಿಯ ವೇಗ ಕಮ್ಮಿಯಾಗಿ ಕೆಳ ಸುತ್ತಿನ ಜಗ್ಗು ಹೋಗುತ್ತೆ, ವೀಡರ್ ಎರೆಮಣ್ಣಿನಲ್ಲಿ ಸಿಕ್ಕಿಕೊಂಡಾಗ ಬೇಕಾಗಿರುವುದು ಅದೇ ಜಗ್ಗು. ಮಾಡಬೇಕಾದದ್ದು ಇಷ್ಟು: ಎರಕದಲ್ಲಿ ಉಳಿದ ಚೂಪು ಅಂಚು ತೆಗೆಯಿರಿ, ಸೀಟಿನ ಉಂಗುರದ ಕೆಳಗೆ ಮೆಟ್ಟಿಲು ಇದ್ದರೆ ನುಣ್ಣಗೆ ಮಾಡಿ, ಗ್ಯಾಸ್ಕೆಟ್ ತೂತಿಗೂ ಪೋರ್ಟ್ ಬಾಯಿಗೂ ಹೊಂದಿಸಿ. ಎಕ್ಸಾಸ್ಟ್ ನುಣ್ಣಗಿದ್ದರೆ ಮಸಿ ಕಮ್ಮಿ ಕೂರುತ್ತೆ. ಇನ್‌ಲೆಟ್‌ಗೆ ಕನ್ನಡಿ ಹೊಳಪು ಬೇಡ, ಚೂರು ಒರಟು ಇದ್ದರೆ ಗೋಡೆಗೆ ಅಂಟಿದ ಪೆಟ್ರೋಲ್ ಮತ್ತೆ ಗಾಳಿಗೆ ಸೇರುತ್ತೆ. ಪೋರ್ಟ್‌ನೊಳಗೆ ಗೈಡ್ ಅಡ್ಡ ಬರುತ್ತೆ ಅಂತ ಅದರ ತುದಿ ಕತ್ತರಿಸುವವರಿದ್ದಾರೆ. ಗೈಡ್ ಮೋಟಾದಷ್ಟೂ ವಾಲ್ವ್ ಬೇಗ ಅಲ್ಲಾಡುತ್ತೆ. ಬೇಡವೇ ಬೇಡ. ಗವರ್ನರ್ ತೆಗೆಯುವ ಮಾತಂತೂ ಎತ್ತಲೇಬೇಡಿ, ಸುತ್ತು ಮಿತಿ ಮೀರಿದರೆ ಕನೆಕ್ಟಿಂಗ್ ರಾಡ್ ಮುರಿದು ಕೇಸ್ ಒಡೆದುಕೊಂಡು ಹೊರಗೆ ಬರುತ್ತೆ, ಫ್ಲೈವೀಲ್ ಸಿಡಿದರೆ ಪಕ್ಕದಲ್ಲಿ ನಿಂತವರ ಗತಿ ಹೇಳೋದೇ ಬೇಡ.

ಹೆಡ್ ಸವೆಸಿ ಕಂಪ್ರೆಶನ್ ಏರಿಸುವ ಲೆಕ್ಕ ಹೀಗೆ. 163 ಸಿಸಿಗೆ 9:1 ಕಂಪ್ರೆಶನ್ ಅನುಪಾತ ಅಂದ್ರೆ ಪಿಸ್ಟನ್ ಮೇಲಿನ ಜಾಗ ಸುಮಾರು 20.4 ಸಿಸಿ. ಪೂರ್ತಿ ಬೋರಿನ ಅಗಲಕ್ಕೆ ಅರ್ಧ ಮಿ.ಮೀ. ತೆಗೆದರೆ 1.8 ಸಿಸಿ ಕಮ್ಮಿಯಾಗಿ ಅನುಪಾತ 9.8ರ ಹತ್ತಿರ ಹೋಗುತ್ತೆ, ಚೇಂಬರ್ ಬೋರಿಗಿಂತ ಕಿರಿದಾಗಿದ್ದರೆ ಅದಕ್ಕಿಂತ ಕಮ್ಮಿ. ಸಿಗುವ ಲಾಭ ಚೂರು, ಮೇ ಬಿಸಿಲಲ್ಲಿ ನಾಕ್ ಹೊಡೆಯುವ ಭಯ ಜಾಸ್ತಿ. ಮಟ್ಟ ಸರಿ ಮಾಡುವಷ್ಟೇ ಸವೆಸಿ.

ಮಟ್ಟ ನೋಡಿ, ಜೋಡಿಸಿ

ಹೆಡ್ಡಿನ ಮುಖಕ್ಕೆ ಸ್ಟೀಲ್ ಸ್ಕೇಲ್ ಓರೆಯಾಗಿ ಇಟ್ಟು ಫೀಲರ್ ಗೇಜ್ ತೂರಿಸಿ. 0.10 ಮಿ.ಮೀ. ಹೋಗುತ್ತೆ ಅಂದ್ರೆ ಬಾಗಿದೆ. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಅಂಟಿಸಿ, ನೀರು ಹಾಕಿ, ಎಂಟರ ಆಕಾರದಲ್ಲಿ ಉಜ್ಜಿ. ಮನೆಯ ಶಹಾಬಾದ್ ಕಲ್ಲು ಕಣ್ಣಿಗೆ ಸಪಾಟಾಗಿ ಕಂಡರೂ ಈ ಕೆಲಸಕ್ಕೆ ಆಗಲ್ಲ, ಗಾಜೇ ಬೇಕು.

ಹೊಸ ಗ್ಯಾಸ್ಕೆಟ್ ಹಾಕಿ, ಹಳೆಯದಕ್ಕೆ ಪೇಸ್ಟ್ ಬಳಿದು ಸಾಗಿಸಬೇಡಿ. ಬೋಲ್ಟ್ ಎದುರುಬದುರಾಗಿ ಮೂರು ಸಲಕ್ಕೆ 24 ನ್ಯೂಟನ್ ಮೀಟರ್‌ಗೆ ತನ್ನಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರದ್ದಾದರೂ ಕೇಳಿ ತನ್ನಿ, ಅಲ್ಯೂಮಿನಿಯಂ ಚೂಡಿ ಕಿತ್ತರೆ ಇನ್ನೊಂದು ಖರ್ಚು. ಪುಶ್ ರಾಡ್ ಕೆಳಗೆ ಲಿಫ್ಟರ್‌ನ ಗುಳಿಯಲ್ಲಿ ಕೂತಿದೆಯಾ ಅಂತ ಬೆರಳಿಂದ ಅಲ್ಲಾಡಿಸಿ ನೋಡಿ.

ಟ್ಯಾಪೆಟ್, ಅಂದ್ರೆ ರಾಕರಿಗೂ ವಾಲ್ವ್ ತುದಿಗೂ ನಡುವಿನ ಸಂದು, ನೋಡುವುದು ತಣ್ಣನೆ ಇಂಜಿನ್‌ನಲ್ಲಿ. ಹಳೇ ಜಿಎಕ್ಸ್ 160ಕ್ಕೆ ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿ.ಮೀ. ಹೊಸ ಮಾದರಿಗಳಲ್ಲಿ ಇದಕ್ಕಿಂತ ಕಮ್ಮಿ ಇರುತ್ತೆ, ನಿಮ್ಮ ಇಂಜಿನ್‌ನ ಪುಸ್ತಕ ನೋಡಿ. ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲೇ ಇರಬೇಕು. ಸ್ವಲ್ಪ ಮುಂಚೆ ನಿಂತರೆ ಆ ಡಿಕಂಪ್ರೆಸರ್ ಎಕ್ಸಾಸ್ಟನ್ನು ಎತ್ತಿ ಹಿಡಿದಿರುತ್ತೆ, ಅಳತೆ ಸುಳ್ಳಾಗುತ್ತೆ. ಎರಡೂ ರಾಕರ್ ಕೈಗೆ ಚೂರು ಆಡುತ್ತಿದ್ದರೆ ಸರಿ ಜಾಗ.

ಹೊಸ ಎಣ್ಣೆ ಹಾಕಿ, 0.6 ಲೀಟರ್ ಒಳಗೇ ಮುಗಿಯುತ್ತೆ. ಮೊದಲ ಸ್ಟಾರ್ಟ್‌ಗೆ ಚೂರು ಹೊಗೆ ಬರುತ್ತೆ, ಜೋಡಿಸುವಾಗ ಸವರಿದ ಎಣ್ಣೆ ಅದು. ಲೋಡ್ ಇಲ್ಲದೆ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಆರಲು ಬಿಡಿ. ಮೊದಲ ಕೆಲವು ಗಂಟೆ ಹಗುರ ಕೆಲಸ ಕೊಟ್ಟು ಟ್ಯಾಪೆಟ್ ಮತ್ತೆ ನೋಡಿ. ಹೊಸ ಸೀಟು ಕೂತು ಅಳತೆ ಕಮ್ಮಿಯಾಗಿರುತ್ತೆ, ಹಾಗೇ ಬಿಟ್ಟರೆ ಎಕ್ಸಾಸ್ಟ್ ಪೂರ್ತಿ ಮುಚ್ಚದೆ ಸುಡುತ್ತೆ. ರಾಶಿ ಸೀಸನ್‌ನಲ್ಲಿ ಏರ್ ಫಿಲ್ಟರ್ ದಿನಾ ಸ್ವಚ್ಛ ಮಾಡಿ. ಫ್ಯಾನ್ ಕವರ್ ವಾರಕ್ಕೊಮ್ಮೆ ಬಿಚ್ಚಿ ರೆಕ್ಕೆಗಳ ನಡುವಿನ ಹೊಟ್ಟನ್ನು ಕಡ್ಡಿಯಿಂದ ತೆಗೆಯಿರಿ, ನೀರು ಹೊಡೆದರೆ ಧೂಳು ಕೆಸರಾಗಿ ಇನ್ನೂ ಒಳಗೆ ಹೋಗಿ ಗಟ್ಟಿಯಾಗುತ್ತೆ.